ಕವಳಿಹಣ್ಣಿಗೆ ಲೇಬಲ್ ಅಂಟಿಸುವ ಮೊದಲು

ಅನುವಾದಕ್ಕೆ ಬರುವ ಕಡತಗಳಲ್ಲಿ ಅರ್ಧ ಕಷ್ಟ ಶೀರ್ಷಿಕೆಯಲ್ಲೇ ಇರುತ್ತದೆ. ಈಚೆಗೆ ಬಂದ ಒಂದರ ಶೀರ್ಷಿಕೆಯನ್ನು ಇದ್ದ ಹಾಗೆ ಇಳಿಸಿದರೆ ಹೀಗಾಗುತ್ತದೆ: ‘ಕಾಡಿನ ಔಷಧೀಯ ಬೆರ್ರಿಗಳ ಪೌಷ್ಟಿಕ ಹಾಗೂ ಆಂಟಿಆಕ್ಸಿಡೆಂಟ್ ಗುಣಗಳು’. ಕಾಡಿನ, ಔಷಧೀಯ, ಬೆರ್ರಿ, ಪೌಷ್ಟಿಕ, ಆಂಟಿಆಕ್ಸಿಡೆಂಟ್ — ಐದು ಪದ. ಐದರಲ್ಲಿ ‘ಕಾಡಿನ’ ಎಂಬುದೊಂದೇ ತಕರಾರಿಲ್ಲದೆ ಕನ್ನಡಕ್ಕೆ ಬಂತು ಅಂದುಕೊಂಡೆ. ಆಮೇಲೆ ಅದೂ ಅಷ್ಟು ಸರಳವಲ್ಲ ಅನ್ನಿಸಿತು. ಈ ಪದಗಳ ಬೆನ್ನು ಹತ್ತಿ ಓದಿದ್ದನ್ನೂ, ಅದರಿಂದ ನನ್ನಲ್ಲಿ ಗಟ್ಟಿಯಾದ ಒಂದು ಅಭಿಪ್ರಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಡುಹಣ್ಣುಗಳನ್ನು ಔಷಧಿ ಎಂದು ಮಾರುವುದರಿಂದ ಹಣ್ಣಿಗೂ, ತಿನ್ನುವವರಿಗೂ, ಕೀಳುವವರಿಗೂ ನಷ್ಟವೇ ಹೆಚ್ಚು ಎಂಬುದು ಆ ಅಭಿಪ್ರಾಯ.

ಮೊದಲು ‘ಬೆರ್ರಿ’. ಕನ್ನಡದಲ್ಲಿ ಇದಕ್ಕೆ ಪದವಿಲ್ಲ. ಅದು ಕೊರತೆಯೇನೂ ಅಲ್ಲ. ಸಣ್ಣ, ದುಂಡನೆಯ, ರಸಭರಿತ ಹಣ್ಣುಗಳನ್ನೆಲ್ಲ ಒಂದೇ ಬುಟ್ಟಿಗೆ ಹಾಕುವ ಅಗತ್ಯ ನಮ್ಮ ಭಾಷೆಗೆ ಬೀಳಲಿಲ್ಲ, ಅಷ್ಟೇ. ಬದಲಿಗೆ ಪ್ರತಿ ಹಣ್ಣಿಗೂ ಊರಿಗೊಂದು ಹೆಸರಿಟ್ಟೆವು. ಸಸ್ಯಶಾಸ್ತ್ರದವರನ್ನು ಕೇಳಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಒಂದೇ ಹೂವಿನ ಅಂಡಾಶಯದಿಂದ ಬೆಳೆದು, ಗಟ್ಟಿ ಓಟೆಯಿಲ್ಲದೆ ತಿರುಳಿನೊಳಗೆ ಬೀಜ ಇಟ್ಟುಕೊಂಡದ್ದು ಅವರ ಪ್ರಕಾರ ಬೆರ್ರಿ. ಹಾಗಾಗಿ ಟೊಮೇಟೊ, ಮೆಣಸಿನಕಾಯಿ, ಬದನೆ, ಬಾಳೆ ಎಲ್ಲವೂ ಬೆರ್ರಿ. ಸ್ಟ್ರಾಬೆರ್ರಿ ಮಾತ್ರ ಅಲ್ಲ! ನಮ್ಮ ಕವಳಿ, ನೇರಳೆ, ಮುರುಗಲು, ಗಣಿಕೆ ಹಣ್ಣುಗಳು ಈ ಲೆಕ್ಕದಲ್ಲಿ ಪಾಸಾಗುತ್ತವೆ. ಓಟೆಯಿರುವ ಬೋರೆಹಣ್ಣು, ಬೆಟ್ಟದ ನೆಲ್ಲಿ ನಪಾಸು. ಇಂಗ್ಲಿಷಿನಲ್ಲಿ ಮಾತ್ರ ನೆಲ್ಲಿಗೆ ‘ಗೂಸ್‌ಬೆರ್ರಿ’ ಎಂಬ ಬಿರುದು ಅಂಟಿಕೊಂಡಿದೆ.

ಕನ್ನಡದ ಜಾಲತಾಣಗಳಲ್ಲಿ ಇದಕ್ಕೊಂದು ಹೊಸ ಪರಿಹಾರ ಹುಟ್ಟಿದೆ: ‘ಬೆರಿಹಣ್ಣುಗಳು’. ಯಂತ್ರಾನುವಾದದ ಕೂಸು. ಬ್ಲೂಬೆರ್ರಿಯನ್ನು ನೋಡದ, ತಿನ್ನದ ಊರುಗಳ ಓದುಗರಿಗೆ ‘ದಿನಕ್ಕೊಂದು ಹಿಡಿ ಬೆರಿಹಣ್ಣು ತಿನ್ನಿ’ ಎಂಬ ಸಲಹೆ ಹೋಗುತ್ತಿದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಷ್ಟು ಅಕ್ಷರಶಃ ನಿಜವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಳೆದ ಕೆಲವು ವರ್ಷಗಳಿಂದ ಗಾದೆ ತಿರುವುಮುರುವಾಗಿ, ಹಿತ್ತಲಿನ ಪ್ರತಿ ಗಿಡವೂ ಮದ್ದಾಗಿ, ಪುಡಿಯಾಗಿ, ಡಬ್ಬಿಗೆ ಇಳಿಯುತ್ತಿದೆ. ಎರಡರಲ್ಲೂ ಗಿಡ ಗಿಡವಾಗಿ ಉಳಿಯಲಿಲ್ಲ.

ನಾನಿರುವುದು ಮುಂಬೈನ ಆಂಟಾಪ್ ಹಿಲ್‌ನಲ್ಲಿ. ಹೆಸರಿನಲ್ಲಿ ಗುಡ್ಡವಿದೆ. ಸುತ್ತ ಇರುವುದು ಸರ್ಕಾರಿ ನೌಕರರ ಸಿಜಿಎಸ್ ಕಾಲೊನಿಯ ಹಳೆಯ ಕಟ್ಟಡಗಳು, ಮಾನೊರೈಲಿನ ಕಂಬಗಳು, ವಡಾಲದ ಕಡೆಗೆ ಉಪ್ಪಿನ ಗದ್ದೆಗಳು. ಬೆರ್ರಿ ಬೆಳೆಯುವ ಜಾಗವಲ್ಲ. ಆದರೆ ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವ ತನಕ ಜಿಟಿಬಿ ನಗರ ಸ್ಟೇಷನ್ನಿನ ಹೊರಗೆ, ಕಿಂಗ್ಸ್ ಸರ್ಕಲ್ಲಿನ ಸೇತುವೆಯ ಬುಡದಲ್ಲಿ, ಮಾಟುಂಗಾ ಮಾರುಕಟ್ಟೆಯ ಅಂಚಿನಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂರುತ್ತಾರೆ. ಬುಟ್ಟಿಯಲ್ಲಿ ಕಪ್ಪಗೆ ಹೊಳೆಯುವ ಕರ್ವಂದ. ಎಲೆಯ ದೊನ್ನೆಯಲ್ಲಿ ಅಳೆದು ಕೊಡುತ್ತಾರೆ. ಠಾಣೆ, ಪಾಲ್ಘರ್, ರಾಯಗಡ ಜಿಲ್ಲೆಗಳ ಗುಡ್ಡಗಳಿಂದ ಬೆಳಗಿನ ಲೋಕಲ್ ಹಿಡಿದು ಬಂದವರು. ಹೆಚ್ಚಿನವರು ವಾರ್ಲಿ, ಕಾತ್ಕರಿ, ಠಾಕರ್ ಸಮುದಾಯದವರು. ‘ಡೋಂಗರಾಚಿ ಕಾಳೀ ಮೈನಾ’ — ಗುಡ್ಡದ ಕರಿ ಮೈನಾ — ಎಂದು ಮರಾಠಿಯಲ್ಲಿ ಈ ಹಣ್ಣನ್ನು ಕೂಗಿ ಮಾರುವುದು ವಾಡಿಕೆ. ಒಟ್ಟಾರೆ ಕಾಡಿನ ಹಣ್ಣು-ಕಾಯಿಗಳಿಗೆ ಮರಾಠಿಯಲ್ಲಿ ‘ರಾನ್‌ಮೇವಾ’ ಎಂಬ ಮುದ್ದಾದ ಪದವಿದೆ. ಮೇವಾ ಅಂದರೆ ಸಿಹಿ ತಿನಿಸು, ಒಣಹಣ್ಣು. ರಾನ್ ಅಂದರೆ ಕಾಡು. ಅದರಲ್ಲಿ ಔಷಧದ ವಾಸನೆಯೇ ಇಲ್ಲ, ಇರುವುದು ಬಾಯಿಚಪಲ. ನನ್ನ ಕಡತದ ಶೀರ್ಷಿಕೆಗಿಂತ ಇದು ಎಷ್ಟೋ ಪ್ರಾಮಾಣಿಕ ಪದ.

ಕರ್ವಂದವೆಂದರೆ ನಮ್ಮ ಕವಳಿ. ಬೆಳಗಾವಿ-ಧಾರವಾಡದ ಕಡೆಯವರು ಕೌಳಿಹಣ್ಣು ಅನ್ನುತ್ತಾರೆ, ಕರಾವಳಿಯವರು ಕರಂಡೆ, ಮಲೆನಾಡಿನ ಕೆಲವರು ಗರ್ಜಿ. ತಮಿಳಿನ ಕಳಾ, ನಮ್ಮ ಕವಳಿ ಒಂದೇ ಬೇರಿನವುಗಳಂತೆ ಕಾಣುತ್ತವೆ. ಮರಾಠಿಯ ಕರ್ವಂದ, ಹಿಂದಿಯ ಕರೌಂದಾ ಸಂಸ್ಕೃತದ ‘ಕರಮರ್ದ’ದ ಮಕ್ಕಳು. ಕಟ್ಟಡದಲ್ಲಿ ಒಮ್ಮೆ ಒಂದು ದೊನ್ನೆ ಕರ್ವಂದ ಇಟ್ಟುಕೊಂಡು ಹೆಸರು ಕೇಳುತ್ತ ಹೋದೆ. ಕುಂದಾಪುರದವರು, ಕಲಬುರಗಿಯವರು, ತಿರುನೆಲ್ವೇಲಿಯವರು, ಸತಾರಾದವರು — ನಾಲ್ಕು ಮನೆಯಲ್ಲಿ ನಾಲ್ಕು ಹೆಸರು. ಅವರ ಮಕ್ಕಳಲ್ಲಿ ಯಾರಿಗೂ ಒಂದೂ ಗೊತ್ತಿರಲಿಲ್ಲ. ಬ್ಲೂಬೆರ್ರಿ ಮಾತ್ರ ಎಲ್ಲರಿಗೂ ಗೊತ್ತಿತ್ತು, ಕೇಕಿನ ಮೇಲಿನಿಂದ.

ಇನ್ನು ಆಂಟಿಆಕ್ಸಿಡೆಂಟ್. ನಮ್ಮ ಶಾಲಾ ವಿಜ್ಞಾನ ಪುಸ್ತಕಗಳಲ್ಲಿ ಆಕ್ಸಿಡೇಶನ್‌ಗೆ ‘ಉತ್ಕರ್ಷಣ’, ಅದರ ವಿರುದ್ಧ ಕ್ರಿಯೆಗೆ ‘ಅಪಕರ್ಷಣ’. ಹಾಗಾಗಿ ಆಂಟಿಆಕ್ಸಿಡೆಂಟ್ ‘ಉತ್ಕರ್ಷಣ ನಿರೋಧಕ’ವಾಯಿತು. ರಸಾಯನಶಾಸ್ತ್ರ ಓದದ ಕನ್ನಡಿಗರಿಗೆ ‘ಉತ್ಕರ್ಷ’ ಅಂದರೆ ಏಳಿಗೆ. ಏಳಿಗೆಯನ್ನು ತಡೆಯುವ ಹಣ್ಣನ್ನು ಯಾರು ಕೊಳ್ಳುತ್ತಾರೆ? ಗಿರಾಕಿ ಕಂಪನಿಗಳು ಈ ಪದವನ್ನು ಒಪ್ಪುವುದಿಲ್ಲ, ಅದಕ್ಕೆ ನನ್ನ ಆಕ್ಷೇಪವೂ ಇಲ್ಲ. ‘ಆಂಟಿಆಕ್ಸಿಡೆಂಟ್’ ಎಂದೇ ಬರೆಯುತ್ತೇನೆ. ಆದರೆ ಅರ್ಥವಾಗದ ಪದ ಅರ್ಥವಾಗದೆ ಇರುವುದರಿಂದಲೇ ಮಂತ್ರದಂತೆ ಕೆಲಸ ಮಾಡುತ್ತದೆ. ಈ ಪದದ ಹಿಂದೆ ಏನಿದೆ ಎಂದು ಒಮ್ಮೆಯಾದರೂ ಬಿಡಿಸಿ ನೋಡಬೇಕು.

ಮೈಯಲ್ಲಿ ಉಸಿರಾಟ, ಪಚನ ನಡೆಯುವಾಗ ‘ಫ್ರೀ ರ‍್ಯಾಡಿಕಲ್’ ಎಂಬ, ಜೋಡಿ ತಪ್ಪಿದ ಎಲೆಕ್ಟ್ರಾನ್ ಇರುವ, ಸಿಕ್ಕಿದ್ದಕ್ಕೆ ತಗಲಿಕೊಳ್ಳುವ ಕಣಗಳು ಹುಟ್ಟುತ್ತವೆ. ಅವು ಜೀವಕೋಶಗಳಿಗೆ ಹಾನಿ ಮಾಡುತ್ತವೆ, ಮುಪ್ಪಿಗೆ ಅದೇ ಕಾರಣ ಎಂದು 1956ರಲ್ಲಿ ಡೆನ್ಹಾಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ ವಾದ ಹೂಡಿದ. ಹಾಗಿದ್ದರೆ ಅವುಗಳನ್ನು ತಣ್ಣಗಾಗಿಸುವ ವಸ್ತುಗಳನ್ನು ತಿಂದರೆ ಮುಪ್ಪು, ರೋಗ ದೂರವಾಗಬೇಕಲ್ಲ? ಹಣ್ಣಿನ ಕೆಂಪು-ನೇರಳೆ ಬಣ್ಣ ಕೊಡುವ ಆಂಥೋಸಯನಿನ್, ಒಗರು ಕೊಡುವ ಟ್ಯಾನಿನ್, ಸಿ ವಿಟಮಿನ್ — ಇವೆಲ್ಲ ಕೊಳವೆಯಲ್ಲಿ ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ.

‘ಕೊಳವೆಯಲ್ಲಿ’ ಎಂಬುದನ್ನು ದಯವಿಟ್ಟು ಗಮನಿಸಿ. ಹಣ್ಣುಗಳ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯಲು ಹೆಚ್ಚಾಗಿ ಬಳಸುವ ಪರೀಕ್ಷೆಯೊಂದಿದೆ, ಡಿಪಿಪಿಎಚ್ ಎಂದು. ಆಲ್ಕೊಹಾಲಿನಲ್ಲಿ ಕರಗಿಸಿದ ಗಾಢ ನೇರಳೆ ಬಣ್ಣದ ದ್ರಾವಣ. ಅದಕ್ಕೆ ಹಣ್ಣಿನ ಸಾರ ಹನಿಸಿದರೆ ಬಣ್ಣ ಮಾಸುತ್ತ ಹಳದಿಯಾಗುತ್ತದೆ. ಎಷ್ಟು ಮಾಸಿತು ಎಂಬುದೇ ಅಂಕ. ಅಗ್ಗದ, ಬೇಗ ಮುಗಿಯುವ, ಎಂಎಸ್‌ಸಿ ವಿದ್ಯಾರ್ಥಿಯೂ ಒಂದು ಮಧ್ಯಾಹ್ನದಲ್ಲಿ ಮಾಡಬಹುದಾದ ಪರೀಕ್ಷೆ. ಹಾಗಾಗಿ ದೇಶದ ಕಾಲೇಜುಗಳಿಂದ ಇಂಥ ಪ್ರಬಂಧಗಳ ಸುರಿಮಳೆ: ಇಂಥ ಕಾಡುಹಣ್ಣು ಉತ್ತಮ ಆಂಟಿಆಕ್ಸಿಡೆಂಟ್ ಎಂದು. ಕಪ್ಪಗಿದ್ದು ಒಗರಾಗಿರುವ ಯಾವ ಹಣ್ಣನ್ನು ಹಾಕಿದರೂ ದ್ರಾವಣ ಹಳದಿಯಾಗುತ್ತದೆ. ಚಹಾ ಹಾಕಿದರೂ ಆಗುತ್ತದೆ. ಪರೀಕ್ಷೆ ಸುಳ್ಳಲ್ಲ. ಅದು ಉತ್ತರಿಸುವ ಪ್ರಶ್ನೆಯೇ ಬೇರೆ. ಕೊಳವೆಗೆ ಹೊಟ್ಟೆಯಿಲ್ಲ, ಕರುಳಿಲ್ಲ, ಯಕೃತ್ತಿಲ್ಲ. ನಾವು ತಿಂದ ಆಂಥೋಸಯನಿನ್‌ನಲ್ಲಿ ರಕ್ತಕ್ಕೆ ಅದೇ ರೂಪದಲ್ಲಿ ಸೇರುವುದು ಬಹಳ ಸ್ವಲ್ಪ. ಉಳಿದದ್ದನ್ನು ಕರುಳಿನ ಸೂಕ್ಷ್ಮಜೀವಿಗಳು ಒಡೆದು ಬೇರೇನೋ ಮಾಡುತ್ತವೆ. ಆ ‘ಬೇರೇನೋ’ ಒಳ್ಳೆಯದೇ ಇರಬಹುದು, ಆದರೆ ಅದನ್ನು ಕೊಳವೆಯ ಅಂಕ ಹೇಳಲಾರದು.

ಅಮೆರಿಕದ ಕೃಷಿ ಇಲಾಖೆ ‘ಒರಾಕ್’ ಎಂಬ ಇನ್ನೊಂದು ಕೊಳವೆ ಪರೀಕ್ಷೆಯ ಅಂಕಗಳನ್ನು ನೂರಾರು ಆಹಾರಗಳಿಗೆ ಕೊಟ್ಟು ತನ್ನ ಜಾಲತಾಣದಲ್ಲಿ ಪಟ್ಟಿ ಹಾಕಿತ್ತು. 2012ರಲ್ಲಿ ಆ ಪಟ್ಟಿಯನ್ನು ತಾನೇ ತೆಗೆದುಹಾಕಿತು. ಈ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧವಿಲ್ಲ ಎಂಬುದಕ್ಕೆ ಪುರಾವೆ ಹೆಚ್ಚುತ್ತಿದೆ, ಕಂಪನಿಗಳು ಇದನ್ನು ಮಾರಾಟಕ್ಕೆ ದುರುಪಯೋಗ ಮಾಡಿಕೊಳ್ಳುತ್ತಿವೆ ಎಂಬುದು ಇಲಾಖೆ ಕೊಟ್ಟ ಕಾರಣ. ನನ್ನ ಮೇಜಿಗೆ ಬರುವ ಕಡತಗಳಲ್ಲಿ ಆ ಅಂಕಗಳು ಇನ್ನೂ ಜೀವಂತವಾಗಿವೆ.

ಸೇಬು ತಿಂದ ಮೇಲೆ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ನಿಜಕ್ಕೂ ಏರುತ್ತದೆ ಎಂಬುದನ್ನೂ ಕಂಡಿದ್ದಾರೆ. ಅಮೆರಿಕದ ಒರೆಗಾನ್‌ನ ಇಬ್ಬರು ಸಂಶೋಧಕರು ಇದರ ಬೆನ್ನು ಹತ್ತಿದಾಗ ಸಿಕ್ಕ ಕಾರಣ ತಮಾಷೆಯಾಗಿದೆ. ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್ ಪಚನವಾಗುವಾಗ ರಕ್ತದಲ್ಲಿ ಯೂರಿಕ್ ಆಮ್ಲ ಏರುತ್ತದೆ, ಯೂರಿಕ್ ಆಮ್ಲ ಒಂದು ಪ್ರಬಲ ಆಂಟಿಆಕ್ಸಿಡೆಂಟ್! ಅಂದರೆ ನಾವು ಕೊಂಡಾಡಿದ್ದು ಹಣ್ಣಿನ ಬಣ್ಣವನ್ನು, ಅಂಕ ತಂದುಕೊಟ್ಟದ್ದು ಸಕ್ಕರೆ. ಗೌಟ್ ಇರುವವರಿಗೆ ಈ ಜೋಕು ಅಷ್ಟು ನಗು ತರಲಾರದು.

ಹೆಚ್ಚು ಗಂಭೀರವಾದದ್ದು ಮಾತ್ರೆಗಳ ಕಥೆ. ಹಣ್ಣು-ತರಕಾರಿ ಹೆಚ್ಚು ತಿನ್ನುವವರಿಗೆ ಕ್ಯಾನ್ಸರ್ ಕಡಿಮೆ ಎಂಬುದು ಕಂಡಾಗ, ಅದರೊಳಗಿನ ಬೀಟಾ ಕ್ಯಾರೊಟಿನ್ ಅನ್ನು ಬೇರ್ಪಡಿಸಿ ಮಾತ್ರೆಯಾಗಿ ಕೊಟ್ಟು ನೋಡಿದರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು: ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಅಮೆರಿಕದಲ್ಲಿ 18,314 ಜನರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗವನ್ನು 1996ರಲ್ಲಿ ಅವಧಿಗೆ ಮುಂಚೆ ನಿಲ್ಲಿಸಬೇಕಾಯಿತು, ಅಲ್ಲಿ ಶೇ. 28ರಷ್ಟು ಹೆಚ್ಚು. ಹಣ್ಣು ತಿನ್ನುವುದರ ಲಾಭ ಹಾಗೆಯೇ ಉಳಿಯಿತು. ಹಣ್ಣಿನಿಂದ ಒಂದನ್ನು ಹೆಕ್ಕಿ ತೆಗೆದು ಕೊಟ್ಟಾಗ ಅದು ಲಾಭವಾಗಿ ಬರಲಿಲ್ಲ.

ಪೋಷಕಾಂಶಗಳ ವಿಷಯದಲ್ಲಿ ನೆಲ ಇದಕ್ಕಿಂತ ಗಟ್ಟಿ, ಆದರೆ ಅಲ್ಲೂ ಕಾಲು ಜಾರುವ ಜಾಗಗಳಿವೆ. ಬೆಟ್ಟದ ನೆಲ್ಲಿಯನ್ನೇ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೈಪಿಡಿಯಲ್ಲಿ 100 ಗ್ರಾಂ ನೆಲ್ಲಿಗೆ 600 ಮಿಲಿಗ್ರಾಂ ಸಿ ವಿಟಮಿನ್ ಎಂದಿತ್ತು. ಅದೇ ಸಂಸ್ಥೆ 2017ರಲ್ಲಿ ಹೊಸದಾಗಿ, ದೇಶದ ಬೇರೆ ಬೇರೆ ಕಡೆಯ ಮಾದರಿ ತೆಗೆದು ಅಳೆದಾಗ ಸಿಕ್ಕಿದ್ದು ಸುಮಾರು 252. ಅರ್ಧಕ್ಕಿಂತ ಕಡಿಮೆ. ಆದರೂ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ವಯಸ್ಕ ಹೆಂಗಸಿಗೆ ದಿನಕ್ಕೆ ಬೇಕೆಂದು ಐಸಿಎಂಆರ್ ಹೇಳುವ 65 ಮಿಲಿಗ್ರಾಂ ಒಂದು ನೆಲ್ಲಿಕಾಯಿಯಲ್ಲಿ ಬಂದುಬಿಡುತ್ತದೆ. 252 ಸಾಕಷ್ಟು ದೊಡ್ಡ ಸಂಖ್ಯೆ. ಹಾಗಿದ್ದೂ ಲೇಬಲ್ಲುಗಳಿಗೆ 600ರ ಮೇಲೇ ಪ್ರೀತಿ.

ಕವಳಿಯದು ಇನ್ನೂ ವಿಚಿತ್ರ. ‘ಕಬ್ಬಿಣದ ಅತಿ ಶ್ರೀಮಂತ ಮೂಲ, 100 ಗ್ರಾಂಗೆ 39.1 ಮಿಲಿಗ್ರಾಂ’ ಎಂಬ ಮಾತು ತೋಟಗಾರಿಕೆಯ ಪಠ್ಯಗಳಿಂದ ಹಿಡಿದು ವಾಟ್ಸಾಪಿನವರೆಗೆ ಓಡಾಡುತ್ತದೆ. ಆ ಸಂಖ್ಯೆ ಒಣಗಿಸಿದ ಕವಳಿಯದು. ತಾಜಾ ಹಣ್ಣಿನಲ್ಲಿ ನೂರಕ್ಕೆ ತೊಂಬತ್ತೊಂದು ಪಾಲು ನೀರು. ಒಣಹಣ್ಣಿನ ಅಂಕವನ್ನು ಹಸಿಹಣ್ಣಿಗೆ ಅಂಟಿಸಿದರೆ ದೊನ್ನೆಯಲ್ಲಿರುವುದು ಹಣ್ಣಲ್ಲ, ಮೊಳೆ ಎಂದಾಗುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅಂಥ ದೇಶದಲ್ಲಿ ‘ಮಾತ್ರೆ ಬೇಡ, ಕವಳಿ ಸಾಕು’ ಎಂದು ಬಸುರಿಯೊಬ್ಬಳು ನಂಬಿದರೆ ಅದಕ್ಕೆ ಬೆಲೆ ತೆರುವುದು ಎರಡು ಜೀವ.

ಇದರಲ್ಲಿ ಇನ್ನೊಂದು ಗಂಟಿದೆ, ಇದು ನನಗೆ ಬಹಳ ಹಿಡಿಸಿದ್ದು. ಸಿ ವಿಟಮಿನ್ ಇದ್ದರೆ ಅನ್ನ, ಬೇಳೆ, ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಟ್ಯಾನಿನ್‌ನಂಥ ಪಾಲಿಫೀನಾಲುಗಳಿದ್ದರೆ ಅದೇ ಕಬ್ಬಿಣವನ್ನು ಅವು ಹಿಡಿದುಕೊಂಡು ಬಿಡುವುದಿಲ್ಲ. ಊಟದ ಜೊತೆ ಚಹಾ ಕುಡಿಯಬೇಡಿ ಅನ್ನುವುದು ಇದಕ್ಕೇ. ಆಂಟಿಆಕ್ಸಿಡೆಂಟ್ ಪರೀಕ್ಷೆಯಲ್ಲಿ ಇವೆರಡಕ್ಕೂ ಒಳ್ಳೆಯ ಅಂಕ! ಒಂದೇ ಹಣ್ಣಿನಲ್ಲಿ ಎರಡೂ ಇರುವುದೂ ಉಂಟು. ನೇರಳೆಯ ಒಗರು ಕಬ್ಬಿಣಕ್ಕೆ ಅಡ್ಡಿ, ನೆಲ್ಲಿಯ ಹುಳಿ ಸಹಾಯ. ‘ಆಂಟಿಆಕ್ಸಿಡೆಂಟ್ ಸಮೃದ್ಧ’ ಎಂಬ ಒಂದು ಮಾತು ಈ ಎರಡನ್ನೂ ಒಂದೇ ಮಾಡಿ ನಿಲ್ಲಿಸುತ್ತದೆ. ಸಾರಿಗೆ ನೆಲ್ಲಿಕಾಯಿ ಹಾಕುವ, ನೇರಳೆಯನ್ನು ಊಟದ ಹೊತ್ತಲ್ಲದ ಹೊತ್ತಿನಲ್ಲಿ ಉಪ್ಪು ಸವರಿ ತಿನ್ನುವ ನಮ್ಮ ರೂಢಿ ಈ ಲೆಕ್ಕ ಹಾಕಿ ಬಂದದ್ದಲ್ಲ. ಆದರೂ ಲೇಬಲ್ಲಿಗಿಂತ ವಾಸಿ.

‘ಔಷಧೀಯ’ ಎಂಬ ಪದಕ್ಕೆ ಬರುತ್ತೇನೆ. ಇಲ್ಲಿ ನನ್ನ ಕಸುಬಿನ ಒಂದು ಸಂಗತಿ ಹೇಳಬೇಕು. ಇಂಗ್ಲಿಷ್ ಲೇಬಲ್ಲುಗಳನ್ನು ವಕೀಲರು ನೋಡಿರುತ್ತಾರೆ. ಅಲ್ಲಿ ‘ರಕ್ತದ ಸಕ್ಕರೆಯ ಆರೋಗ್ಯಕರ ಮಟ್ಟಕ್ಕೆ ಬೆಂಬಲ ನೀಡಲು ನೆರವಾಗಬಹುದು’ ಎಂಬಂಥ ವಾಕ್ಯಗಳಿರುತ್ತವೆ. ಮೂರು ಪದರ ಹತ್ತಿ ಸುತ್ತಿದ ವಾಕ್ಯ: ಬೆಂಬಲ, ನೆರವು, ಬಹುದು. ಹೀಗೆ ಸುತ್ತುವುದಕ್ಕೆ ಕಾರಣವಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಕೆಲವು ಕಾಯಿಲೆಗಳನ್ನು ಪಟ್ಟಿ ಮಾಡಿ, ಅವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನೇ ನಿಷೇಧಿಸುತ್ತದೆ. ಮಧುಮೇಹ ಆ ಪಟ್ಟಿಯಲ್ಲಿದೆ. ಕನ್ನಡಕ್ಕೆ ಬರುವಾಗ ಈ ಹತ್ತಿ ಉದುರುತ್ತದೆ. ‘ಬಹುದು’ ಹಾಕಿ ಕಳಿಸಿದರೆ ಏಜೆನ್ಸಿಯಿಂದ ಟಿಪ್ಪಣಿ ಬರುತ್ತದೆ: ವಾಕ್ಯ ಸೊರಗಿದೆ, ಇನ್ನಷ್ಟು ಆತ್ಮವಿಶ್ವಾಸ ಬೇಕು. ‘ಬಹುದು’ ತೆಗೆಯಲು ನಾನು ಒಪ್ಪದಿದ್ದ ಒಂದು ಪುಟ ಕೊನೆಗೆ ಅಚ್ಚಾದದ್ದು ‘ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರುತ್ತದೆ’ ಎಂದು. ಹೆಸರು ಹೇಳುವುದಿಲ್ಲ, ಅದೊಂದೇ ಅಲ್ಲ. ಇಂಗ್ಲಿಷ್ ಓದುವವನಿಗೆ ಸಂಶಯದ ಸವಲತ್ತು, ಕನ್ನಡ ಓದುವವನಿಗೆ ಖಚಿತ ಭರವಸೆ. ಕಾನೂನು ಒಂದೇ, ಆದರೆ ಕಾವಲು ಇಂಗ್ಲಿಷಿನ ಬಾಗಿಲಲ್ಲಿ ಮಾತ್ರ ನಿಂತಿರುವ ಹಾಗಿದೆ.

ಇದು ಬರೀ ವ್ಯಾಕರಣದ ಕೊರಗು ಅಂದುಕೊಳ್ಳಬೇಡಿ. ನಮ್ಮ ಕಟ್ಟಡದಲ್ಲಿ ಹತ್ತು-ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹಿರಿಯರೊಬ್ಬರು ನೇರಳೆಬೀಜದ ಪುಡಿ ಶುರು ಮಾಡಿ ಮಾತ್ರೆಯನ್ನು ಅರ್ಧಕ್ಕಿಳಿಸಿದರು, ಆಮೇಲೆ ಬಿಟ್ಟೇಬಿಟ್ಟರು. ಪುಡಿ ಕಹಿಯಾಗಿತ್ತು; ಕಹಿ ಅಂದಮೇಲೆ ಕೆಲಸ ಮಾಡುತ್ತಿದೆ ಎಂಬ ನಂಬಿಕೆ. ಮೂರು ತಿಂಗಳ ಮೇಲೆ ಕಾಲಿನ ಗಾಯ ಮಾಯದೆ ಆಸ್ಪತ್ರೆಗೆ ಹೋದಾಗ ಸಕ್ಕರೆ 300 ದಾಟಿತ್ತು. ಕಾಲು ಉಳಿಯಿತು, ಒಂದು ಬೆರಳು ಉಳಿಯಲಿಲ್ಲ. ಅವರ ಡಬ್ಬಿಯ ಮೇಲಿದ್ದದ್ದು ಕನ್ನಡವಲ್ಲ, ಮರಾಠಿ. ವಾಕ್ಯ ಮಾತ್ರ ಅದೇ: ಬಹುದು ಇಲ್ಲದ್ದು.

ನೇರಳೆಯ ಬಗ್ಗೆ ಸಂಶೋಧನೆ ಇಲ್ಲವೆಂದಲ್ಲ. ಇಲಿಗಳ ಮೇಲೆ ಬೇಕಾದಷ್ಟಿದೆ, ಕೆಲವು ಆಸೆ ಹುಟ್ಟಿಸುವಂತೆಯೂ ಇವೆ. ಮನುಷ್ಯರ ಮೇಲೆ, ಯಾರು ಯಾವುದನ್ನು ಕುಡಿಯುತ್ತಿದ್ದಾರೆ ಎಂದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಮಾಡಿದ ಪ್ರಯೋಗಗಳು ಬೆರಳೆಣಿಕೆ. ಬ್ರೆಜಿಲಿನಲ್ಲಿ ನೇರಳೆ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಜನಪ್ರಿಯ. ಅಲ್ಲಿನ ಪೋರ್ಟೊ ಅಲೆಗ್ರೆಯ ಸಂಶೋಧಕರು ಅಂಥ ಪ್ರಯೋಗ ಮಾಡಿ ನೋಡಿದಾಗ ಕಷಾಯದಿಂದ ಸಕ್ಕರೆ ಇಳಿಯಲಿಲ್ಲ. ಅದು ಎಲೆ, ಬೀಜವಲ್ಲ, ಒಪ್ಪುತ್ತೇನೆ. ಬೀಜದ ಬಗ್ಗೆ ನಾಳೆ ಒಳ್ಳೆಯ ಫಲಿತಾಂಶ ಬಂದರೆ ಎಲ್ಲರಿಗಿಂತ ಮೊದಲು ನಾನೇ ಅನುವಾದಿಸುತ್ತೇನೆ. ಆದರೆ ಪರೀಕ್ಷೆ ಪಾಸಾದ ಮಾತ್ರೆಯ ಜಾಗದಲ್ಲಿ ಪರೀಕ್ಷೆಗೇ ಕೂರದ ಪುಡಿಯನ್ನು ಇಡಬಾರದು. ಸಂಪ್ರದಾಯದ ವೈದ್ಯರು ಕೂಡ ನೇರಳೆಯನ್ನು ಮುಖ ನೋಡದೆ, ನಾಡಿ ಹಿಡಿಯದೆ, ಪಥ್ಯ ಹೇಳದೆ ಊರಿಗೆಲ್ಲ ಹಂಚಿದವರಲ್ಲ. ಪರಂಪರೆಯ ಹೆಸರಿನಲ್ಲಿ ಮಾರುವ ಡಬ್ಬಿಯಲ್ಲಿ ಪರಂಪರೆಯ ಎಚ್ಚರವೇ ಇರುವುದಿಲ್ಲ.

ಒಂದು ಕಾಡುಹಣ್ಣು ಲೋಕಪ್ರಸಿದ್ಧ ಔಷಧಿಯಾದರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ, ನಮ್ಮ ಉತ್ತರ ಕನ್ನಡವೇ ಇದೆ. ಉಪ್ಪಾಗೆ. ಮುರುಗಲಿನ ಸೋದರ, ಸಣ್ಣ ಹಳದಿ ಕುಂಬಳದಂತೆ ಗೀರು ಗೀರಾದ ಹಣ್ಣು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದೂ ಬೆರ್ರಿ. ಸಿರಸಿ, ಸಿದ್ದಾಪುರ, ಹೊನ್ನಾವರ, ಕುಮಟಾದ ಘಟ್ಟದ ಕಾಡಿನವರು ಅದರ ಸಿಪ್ಪೆ ಒಣಗಿಸಿ ಹುಳಿಗೆ ಇಟ್ಟುಕೊಳ್ಳುತ್ತಿದ್ದರು, ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಕೇರಳದವರಿಗೆ ಅದು ಮೀನುಸಾರಿನ ಕುಡಂಪುಳಿ. 1965ರಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ ಇದರ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲದ್ದು ಎಂದು ಗುರುತಿಸಿದರು. ಆಮೇಲಿನ ವರ್ಷಗಳಲ್ಲಿ ಆ ಆಮ್ಲ, ಮೈಯಲ್ಲಿ ಕೊಬ್ಬು ತಯಾರಾಗಲು ಬೇಕಾದ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡಿತು. ಅಷ್ಟು ಸಾಕಾಯಿತು. ‘ಗಾರ್ಸೀನಿಯಾ ಕಂಬೋಜಿಯಾ’ ಎಂಬ ಹೆಸರಿನಲ್ಲಿ ಉಪ್ಪಾಗೆ ಅಮೆರಿಕದ ತೂಕ ಇಳಿಸುವ ಮಾತ್ರೆಯಾಯಿತು.

ಇತ್ತ ಕಾಡಿನಲ್ಲಿ ಬೆಲೆ ಏರಿತು. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯಲ್ಲಿ, ಬಿಸಿಲಿಗೆ ಒಣಗಿಸುವಂತಿಲ್ಲ. ಸಿಪ್ಪೆಯನ್ನು ಅಟ್ಟದ ಮೇಲೆ ಹರಡಿ ಕೆಳಗೆ ಬೆಂಕಿ ಹಾಕಬೇಕು. ಒಣ ಉಪ್ಪಾಗೆಗಾಗಿ ಅದರ ತೂಕದ ಎಷ್ಟೋ ಪಟ್ಟು ಕಟ್ಟಿಗೆ ಉರಿಯಿತು. ಪೈಪೋಟಿ ಹೆಚ್ಚಿದಾಗ, ಇನ್ನೊಬ್ಬರು ಕೊಯ್ಯುವ ಮೊದಲು ನಾವು ಕೊಯ್ಯೋಣ ಎಂದು ಕಾಯಿಗಳನ್ನೇ ಇಳಿಸಿದರು, ಹತ್ತಲಾಗದ ಕಡೆ ಕೊಂಬೆಯನ್ನೇ ಕಡಿದರು. ಹಣ್ಣು ತಿಂದು ಬೀಜ ಹರಡುತ್ತಿದ್ದ ಮಂಗ, ಹಕ್ಕಿಗಳಿಗೆ ಏನು ಉಳಿಯಿತೋ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಜನರನ್ನು ಎರಡು ಗುಂಪು ಮಾಡಿ ಹನ್ನೆರಡು ವಾರ ನೋಡಿದರು. ಉಪ್ಪಾಗೆಯ ಸಾರ ತಿಂದವರು ಸರಾಸರಿ 3.2 ಕಿಲೊ ಇಳಿದರು, ಸುಳ್ಳುಮಾತ್ರೆ ತಿಂದವರು 4.1 ಕಿಲೊ. ವ್ಯತ್ಯಾಸ ಲೆಕ್ಕಕ್ಕಿಲ್ಲ, ಅಂದರೆ ಮಾತ್ರೆಯಿಂದ ಏನೂ ಆಗಲಿಲ್ಲ. ಆಮೇಲೆ ಇಂಥ ಮಾತ್ರೆ ತಿಂದ ಕೆಲವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳೂ ಬಂದವು. ಮೀನುಸಾರು ತಿನ್ನುವವರಿಗೆ ಹಾಗಾದದ್ದನ್ನು ಯಾರೂ ಕೇಳಿಲ್ಲ. ಒಂದು ಚೂರು ಸಿಪ್ಪೆ ಸಾರಿಗೆ ಹಾಕುವುದಕ್ಕೂ ಅದರ ಸಾರವನ್ನು ಗಟ್ಟಿ ಮಾಡಿ ದಿನಕ್ಕೆ ಮೂರು ಹೊತ್ತು ನುಂಗುವುದಕ್ಕೂ ಇರುವ ಅಂತರವನ್ನು ‘ನೈಸರ್ಗಿಕ’ ಎಂಬ ಪದ ಮುಚ್ಚಿಹಾಕುತ್ತದೆ.

ಇಷ್ಟು ಹೇಳಿದಾಗ ಒಬ್ಬ ಗೆಳೆಯರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಸೂಪರ್‌ಫುಡ್ ಎಂಬ ಬಿರುದಿನಿಂದ ಕೀಳುವವರಿಗೆ ನಾಲ್ಕು ಕಾಸು ಹೆಚ್ಚು ಸಿಗುವುದಾದರೆ ನಿನ್ನ ವ್ಯಾಕರಣದ ತಕರಾರು ಯಾಕೆ? ಸಿಗುವುದಾದರೆ ಸರಿ. ಆದರೆ ಪುಡಿ-ಡಬ್ಬಿಯ ದಾರಿಯಲ್ಲಿ ಬೆಲೆ ಸೇರುವುದು ಒಣಗಿಸುವಲ್ಲಿ, ಡಬ್ಬಿ ತುಂಬುವಲ್ಲಿ, ಲೇಬಲ್ ಅಂಟಿಸುವಲ್ಲಿ. ಬುಡದಲ್ಲಿ ಕಿತ್ತವರಿಗೆ ಕಿಲೊ ಲೆಕ್ಕ. ಬುಟ್ಟಿ ಹೊತ್ತು ಬಂದ ಹೆಂಗಸಿಗೆ ನಾನು ಕೊಡುವ ದೊನ್ನೆಗೆ ಇಪ್ಪತ್ತು ರೂಪಾಯಿ ಪೂರ್ತಿ ಅವರದು, ರೈಲಿನ ಖರ್ಚು ಕಳೆದು. ಬಹಾಡೋಲಿಯ, ಬದ್ಲಾಪುರದ ನೇರಳೆಗೆ ಭೌಗೋಳಿಕ ಸೂಚಿ ಸಿಕ್ಕಿದೆ, ಅದು ಹಣ್ಣನ್ನು ಹಣ್ಣಾಗಿಯೇ, ಊರಿನ ಹೆಸರಿನಿಂದ, ರುಚಿಯ ಆಧಾರದ ಮೇಲೆ ಬೆಲೆ ಕಟ್ಟುವ ಕ್ರಮ. ಅದು ನನಗೆ ಒಪ್ಪಿಗೆ. ಯಾವ ಕಾಯಿಲೆಯ ಹೆಸರೂ ಅದಕ್ಕೆ ಬೇಕಾಗಿಲ್ಲ.

ಶುರುವಿನಲ್ಲಿ ‘ಕಾಡಿನ’ ಎಂಬ ಪದವೂ ಸರಳವಲ್ಲ ಅಂದೆ. ಕವಳಿ ನಟ್ಟ ನಡುಗಾಡಿನ ಗಿಡವಲ್ಲ. ಗುಡ್ಡದ ಬೋಳು ಇಳಿಜಾರು, ಬೇಲಿ, ಗೋಮಾಳ, ದಾರಿಯಂಚು ಅದರ ಮನೆ. ಅಂದರೆ ಯಾರದೂ ಅಲ್ಲದ, ಎಲ್ಲರದೂ ಆದ ಜಾಗ. ಅದಕ್ಕೇ ದನ ಕಾಯುವ ಹುಡುಗರಿಗೆ, ಕಟ್ಟಿಗೆಗೆ ಹೋದ ಹೆಂಗಸರಿಗೆ, ಬೇಸಿಗೆ ರಜೆಯ ಮಕ್ಕಳಿಗೆ ಅದು ಸಿಗುತ್ತಿತ್ತು. ಮನೆಯಲ್ಲಿ ದವಸ ಕಡಿಮೆಯಾಗುವ, ತರಕಾರಿ ಬಾಡುವ ಏಪ್ರಿಲ್-ಮೇ ತಿಂಗಳಲ್ಲೇ ಅದು ಹಣ್ಣಾಗುವುದು. ಅದರ ನಿಜವಾದ ಪೌಷ್ಟಿಕ ಮಹತ್ವ ಯಾವ ಕೊಳವೆಯಲ್ಲೂ ಸಿಗದ ಇದರಲ್ಲಿದೆ: ಬೇರೇನೂ ಇಲ್ಲದ ಹೊತ್ತಿನಲ್ಲಿ, ದುಡ್ಡಿಲ್ಲದವರ ಬಾಯಿಗೆ, ಬಗೆಬಗೆಯ ಹಣ್ಣು. ಠಾಣೆ-ರಾಯಗಡದ ಇಳಿಜಾರುಗಳಿಗೆ ಫಾರ್ಮ್‌ಹೌಸಿನ ಬೇಲಿ ಬೀಳುತ್ತಿದೆ, ನಮ್ಮಲ್ಲಿ ಗೋಮಾಳಗಳು ಸೈಟಾಗುತ್ತಿವೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನವರಿಗೆ ಕಿರು ಉತ್ಪನ್ನಗಳ ಮೇಲೆ ಒಡೆತನ ಕೊಟ್ಟಿತು. ಅರಣ್ಯವೆಂದು ದಾಖಲಾಗದ ಬೇಲಿಸಾಲಿನ ಕವಳಿಯನ್ನು ಕಾಯಲು ಯಾವ ಕಾಯ್ದೆಯಿದೆ? ಆಂಟಿಆಕ್ಸಿಡೆಂಟ್ ಬಗ್ಗೆ ಬರೆದ ಪ್ರಬಂಧಗಳಷ್ಟು ಈ ಬಗ್ಗೆ ಬರೆದದ್ದು ನನಗೆ ಕಾಣಲಿಲ್ಲ.

ಕಡತವನ್ನು ಮುಗಿಸಿ ಕಳಿಸಿದೆ. ಎಲ್ಲ ‘ಬಹುದು’ಗಳೂ ಅದರಲ್ಲಿವೆ. ‘ಬೆರ್ರಿ’ ಎಂದು ಬಂದಲ್ಲೆಲ್ಲ ಕವಳಿ, ನೇರಳೆ, ಮುರುಗಲು, ನೆಲ್ಲಿ ಎಂದು ಹಣ್ಣಿನ ಹೆಸರನ್ನೇ ಹಾಕಿ, ಪುನರ್ಪುಳಿ, ಕರಂಡೆ, ಕೌಳಿಗಳನ್ನೂ ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದೇನೆ. ಅವರು ಎಷ್ಟನ್ನು ಉಳಿಸಿಕೊಳ್ಳುತ್ತಾರೋ ಅವರಿಗೆ ಬಿಟ್ಟದ್ದು. ನೀವು ಈ ದಿನಗಳಲ್ಲಿ ಕವಳಿ ಕೊಳ್ಳುವುದಾದರೆ ಕೆಂಪು ಬಿಟ್ಟು ಪೂರಾ ಕಪ್ಪಾದದ್ದನ್ನು ಆರಿಸಿ. ತೊಟ್ಟಿನ ಹಾಲು ತುಟಿಗೆ ಅಂಟುತ್ತದೆ, ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿಟ್ಟರೆ ಹೋಗುತ್ತದೆ. ಮಳೆ ಎರಡು ಸಲ ಬಿದ್ದ ಮೇಲೆ ಹುಳ ಸೇರುತ್ತದೆ, ಆಮೇಲೆ ಕೊಳ್ಳಬೇಡಿ. ಅಷ್ಟರಲ್ಲಿ ನೇರಳೆ ಬಂದಿರುತ್ತದೆ.